ಕ್ಲಚ್ ಬಿಟ್ಟ ಕೈಗೆ ನೇರ ಕೋಲು ಕೊಡಬೇಡಿ: ಡ್ರಮ್ಮರ್‌ಗಳ ಮಣಿಕಟ್ಟಿಗೆ 15 ನಿಮಿಷದ ವಾರ್ಮ್ ಅಪ್

ಕೆಲವು ವರ್ಷದ ಹಿಂದಿನ ಮಾತು. ಬೆಂಗಳೂರಿನ ರಾಜಾಜಿನಗರದ ಕಡೆ ಒಂದು ಬಡಾವಣೆಯಲ್ಲಿ ಗಣೇಶನ ಕೂರಿಸಿದ್ದರು, ರಾತ್ರಿಗೆ ನಮ್ಮ ಆರ್ಕೆಸ್ಟ್ರಾ, ಡ್ರಮ್ಸ್ ನನ್ನದು. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಫೀಸು ಮುಗಿಸಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಒದ್ದಾಡಿ, ಒಂದೂಮುಕ್ಕಾಲು ಗಂಟೆ ಬೈಕಿನ ಕ್ಲಚ್ಚು ಬ್ರೇಕು ಹಿಡಿದು ಹಿಡಿದು ಬಂದು ಇಳಿದಾಗ ಸ್ಟೇಜಿನ ಮೇಲೆ ಸನ್ಮಾನ ನಡೆಯುತ್ತಿತ್ತು. ಹಾರ ಮುಗಿಯಿತು, ಶಾಲು ಮುಗಿಯಿತು, ಭಾಷಣ ಮಾತ್ರ ಮುಗಿಯಲಿಲ್ಲ. ಎಂಟೂವರೆಗೆ ಮೈಕು ನಮ್ಮ ಕೈಗೆ ಬಂತು. ರಾತ್ರಿ 10ಕ್ಕೆ ಸ್ಪೀಕರ್ ಬಂದ್ ಮಾಡಲೇಬೇಕು, ನಿಯಮ ಅದು. "ಮೆಲೋಡಿ ಎಲ್ಲ ಬೇಡ ಸಾರ್, ನೇರ ಟಪ್ಪಾಂಗುಚ್ಚಿ ಹೊಡೀರಿ" ಅಂದರು ಸಂಘದವರು. ಹೊಡೆದೆವು. ಮೂರನೇ ಹಾಡಿಗೆ ನನ್ನ ಬಲ ಮುಂಗೈ ಕೊರಡಿನ ಹಾಗೆ ಗಟ್ಟಿಯಾಯಿತು, ಬೆರಳು ಹೇಳಿದ ಮಾತು ಕೇಳಲಿಲ್ಲ, ಕೋಲು ಕೈಜಾರಿ ಹಾರಿ ಕೀಬೋರ್ಡ್ ನುಡಿಸುವವನ ಕಾಲಿನ ಹತ್ತಿರ ಹೋಗಿ ಬಿತ್ತು. ಹಾಡು ಮುಗಿದ ಮೇಲೆ ಅವನು ಕೋಲು ವಾಪಸ್ ಕೊಡುತ್ತಾ, "ಗುರು, ನನ್ ಮೇಲೆ ಏನಾದ್ರೂ ಕೋಪಾನಾ?" ಅಂದ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸಲು ಎಡಗೈ ಬೇಕಾಯಿತು.

ತಪ್ಪು ಭಾಷಣದ್ದಲ್ಲ, ನನ್ನದೇ. ಭಾಷಣ ನಡೆಯುವಾಗ ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದೆ. ಆ ಹೊತ್ತಿನಲ್ಲಿ ಹದಿನೈದು ನಿಮಿಷ ಕೈಗೆ ಕೊಟ್ಟಿದ್ದರೆ ಸಾಕಿತ್ತು.

ತಮಟೆಯವರನ್ನು ನೋಡಿ. ಮೆರವಣಿಗೆ ಹೊರಡುವ ಮುಂಚೆ ರಸ್ತೆ ಬದಿಯಲ್ಲಿ ಕಾಗದ, ಒಣಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿ, ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ, ಇನ್ನೂ ಸ್ವಲ್ಪ ಅಂತ ಮತ್ತೆ ಕಾಯಿಸುತ್ತಾರೆ. "ಟೈಮ್ ಆಯ್ತು, ಹಾಗೇ ಬಾರಿಸ್ರಪ್ಪ" ಅಂತ ಯಾರೂ ಹೇಳುವುದಿಲ್ಲ. ಹೇಳಿದರೂ ಅವರು ಕೇಳುವುದಿಲ್ಲ. ಚರ್ಮಕ್ಕೆ ಬಿಸಿ ತಾಗಿದರೆ ಬಿಗಿಯಾಗುತ್ತದೆ, ನಾದ ಬರುತ್ತದೆ. ನಮ್ಮ ಕೈಗೂ ಬಿಸಿ ಬೇಕು, ಆದರೆ ಕೆಲಸ ಉಲ್ಟಾ: ಬಿಸಿಯಾದರೆ ಕೈ ಸಡಿಲವಾಗುತ್ತದೆ. ಈಗ ಫೈಬರ್ ತಮಟೆ ಬಂದಿದೆ, ಅದಕ್ಕೆ ಬೆಂಕಿ ಬೇಡ. ಕೈಗೆ ಫೈಬರ್ ಇನ್ನೂ ಬಂದಿಲ್ಲ.

ಬೆಂಗಳೂರಿನ ಡ್ರಮ್ಮರ್‌ಗೆ ಇನ್ನೊಂದು ತಾಪತ್ರಯ ಇದೆ, ಇದನ್ನು ವಾರ್ಮ್ ಅಪ್ ವಿಡಿಯೊಗಳಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ನಾವು ಡ್ರಮ್ ಕಿಟ್ ಮುಂದೆ ಕೂರುವ ಹೊತ್ತಿಗೆ ಕೈ ತಣ್ಣಗಿರುವುದಷ್ಟೇ ಅಲ್ಲ, ಅದು ಆಗಲೇ ದಣಿದಿರುತ್ತದೆ. ಎಡಗೈ ಕ್ಲಚ್ ಹಿಡಿದು ದಣಿದಿದೆ, ಬಲಗೈ ಆಕ್ಸಿಲರೇಟರ್ ತಿರುಗಿಸಿ ದಣಿದಿದೆ, ಅದಕ್ಕೂ ಮುಂಚೆ ಎಂಟು ಗಂಟೆ ಕಂಪ್ಯೂಟರ್ ಕೀಬೋರ್ಡು, ಮೌಸು. ಮುಷ್ಟಿ ಹಿಡಿದೇ ಬಂದ ಕೈ ಅದು. ಅದಕ್ಕೆ ಕೋಲು ಕೊಟ್ಟರೆ ಕೋಲನ್ನೂ ಹ್ಯಾಂಡಲ್ ಹಿಡಿದ ಹಾಗೇ ಹಿಡಿಯುತ್ತದೆ. ಹಾಗಾಗಿ ನಮ್ಮ ವಾರ್ಮ್ ಅಪ್‌ಗೆ ಎರಡು ಭಾಗ. ಮೊದಲು ಹಿಡಿತ ಬಿಡಿಸುವುದು, ಆಮೇಲೆ ಬಿಸಿ ಮಾಡುವುದು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯನ್ನು ಮೇಜಿನ ಮೇಲೆ ಇಟ್ಟು, ಎಡಗೈ ಬೆರಳುಗಳನ್ನು ಬಲ ಮೊಣಕೈಯಿಂದ ಸ್ವಲ್ಪ ಕೆಳಗೆ, ಮುಂಗೈ ದಪ್ಪ ಇರುವ ಕಡೆ ಒತ್ತಿ ಹಿಡಿಯಿರಿ. ಈಗ ಬಲಗೈ ಬೆರಳುಗಳನ್ನು ತಬಲ ನುಡಿಸುವ ಹಾಗೆ ಆಡಿಸಿ. ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ ಆಗುತ್ತದೆ ಅಲ್ವಾ? ಬೆರಳನ್ನೂ ಮಣಿಕಟ್ಟನ್ನೂ ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ, ಮುಂಗೈಯಲ್ಲಿ. ಮಣಿಕಟ್ಟಿನಲ್ಲಿ ಇರುವುದು 8 ಪುಟ್ಟ ಮೂಳೆ, ಅವುಗಳ ಮೇಲೆ ಕೆಳಗೆ ಹಾದುಹೋಗುವ ಹುರಿಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಅಂಗೈ ಕಡೆ ಒಂದು ಇಕ್ಕಟ್ಟಾದ ಓಣಿ ಇದೆ, ಕಾರ್ಪಲ್ ಟನಲ್ ಅನ್ನುತ್ತಾರೆ, ಅದರೊಳಗೆ 9 ಹುರಿ ಮತ್ತು 1 ನರ ಒತ್ತೊತ್ತಾಗಿ ಹೋಗುತ್ತವೆ. ಚಿಕ್ಕಪೇಟೆಯ ಗಲ್ಲಿಯ ಹಾಗೆ. ಯಾವುದಾದರೂ ಹುರಿ ಊದಿಕೊಂಡರೆ ಪೆಟ್ಟು ಬೀಳುವುದು ಪಕ್ಕದ ನರಕ್ಕೆ. ಅದಕ್ಕೇ ಮಣಿಕಟ್ಟಿನ ವಾರ್ಮ್ ಅಪ್ ಅಂದರೆ ಅಸಲಿಗೆ ಮೊಣಕೈಯಿಂದ ಬೆರಳ ತುದಿವರೆಗಿನ ಕೆಲಸ.

ಮೊದಲ 5 ನಿಮಿಷ ಕೋಲು ಬ್ಯಾಗಿನಲ್ಲೇ ಇರಲಿ

ಬೈಕ್ ಇಳಿದ ತಕ್ಷಣ ಎರಡೂ ಕೈ ಕೆಳಗೆ ಇಳಿಬಿಟ್ಟು, ನೀರು ಕೊಡವುವ ಹಾಗೆ ಕೊಡವಿ. ಅರ್ಧ ನಿಮಿಷ. ಭುಜವನ್ನು ಕಿವಿವರೆಗೂ ಎತ್ತಿ ಧೊಪ್ಪೆಂದು ಬಿಡಿ, ನಾಲ್ಕೈದು ಸಲ. ಟ್ರಾಫಿಕ್ಕಿನಲ್ಲಿ ಭುಜ ಮೇಲೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ.

ಆಮೇಲೆ ಬಿಸಿ. ಬಿಸಿನೀರು ಸಿಕ್ಕರೆ ಮೊಣಕೈವರೆಗೂ ಕೈ ತೊಳೆಯಿರಿ. ಸ್ಟೇಜಿನ ಹಿಂದೆ ಬಿಸಿನೀರು ಯಾರು ಕೊಡುತ್ತಾರೆ? ಆದರೆ ಕಾಫಿ ಖಂಡಿತ ಸಿಗುತ್ತದೆ. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ನಿಧಾನಕ್ಕೆ ಕುಡಿಯಿರಿ, ನಡುನಡುವೆ ಮಣಿಕಟ್ಟಿನ ಒಳಭಾಗಕ್ಕೂ ತಾಗಿಸಿ. ತಮಾಷೆ ಅಲ್ಲ, ಡಿಸೆಂಬರ್, ಜನವರಿ ರಾತ್ರಿ ಇಲ್ಲಿ 15–16 ಡಿಗ್ರಿಗೆ ಇಳಿಯುತ್ತದೆ, ಬಯಲು ಸ್ಟೇಜಿನ ಮೇಲೆ ಗಾಳಿ ಬೇರೆ. ಅಂಥ ದಿನ ಗ್ಲೌಸ್ ಹಾಕಿಕೊಂಡೇ ಬೈಕ್ ಓಡಿಸಿ, ಕಿಟ್ ಮುಂದೆ ಕೂರುವವರೆಗೂ ಫುಲ್ ತೋಳಿನ ಸ್ವೆಟರ್ ತೆಗೆಯಬೇಡಿ.

ಈಗ ಚಲನೆ. ಕೈ ಮುಂದೆ ಚಾಚಿ, ಮುಷ್ಟಿ ಸಡಿಲ ಬಿಟ್ಟು, ಮಣಿಕಟ್ಟನ್ನು ಗಡಿಯಾರದ ದಿಕ್ಕಿನಲ್ಲಿ 10 ಸುತ್ತು, ಉಲ್ಟಾ 10 ಸುತ್ತು. ಆಮೇಲೆ "ಹೌದು ಹೌದು" ಅಂತ ತಲೆಯಾಡಿಸುವ ಹಾಗೆ ಮೇಲೆ ಕೆಳಗೆ 10, "ಟಾಟಾ" ಮಾಡುವ ಹಾಗೆ ಅಕ್ಕಪಕ್ಕ 10. ಟಕಟಕ ಅಂತ ಸದ್ದು ಬಂದರೆ ಗಾಬರಿ ಬೇಡ, ನೋವಿಲ್ಲದಿದ್ದರೆ ತೊಂದರೆ ಇಲ್ಲ. ಎಲ್ಲವನ್ನೂ ನಿಧಾನವಾಗಿ, ಕೈ ಎಷ್ಟು ದೂರ ಸುಲಭವಾಗಿ ಹೋಗುತ್ತದೋ ಅಷ್ಟೇ.

ನಂತರದ್ದು ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು, ಆದರೆ ಡ್ರಮ್ಮರ್‌ಗಳು ಮಾಡುವುದೇ ಇಲ್ಲ. ಫಿಸಿಯೊಥೆರಪಿಯವರು ಟೆಂಡನ್ ಗ್ಲೈಡ್ ಅನ್ನುತ್ತಾರೆ. ಐದೂ ಬೆರಳು ನೆಟ್ಟಗೆ ಮೇಲಕ್ಕೆ ಇರಲಿ. ಮೊದಲು ಬೆರಳಿನ ಬುಡ ನೆಟ್ಟಗಿಟ್ಟು, ನಡುವಿನ ಮತ್ತು ತುದಿಯ ಗೆಣ್ಣು ಮಾತ್ರ ಮಡಚಿ, ಬೆಕ್ಕಿನ ಉಗುರಿನ ಹಾಗೆ. ಮತ್ತೆ ನೆಟ್ಟಗೆ. ಈಗ ಪೂರ್ತಿ ಮುಷ್ಟಿ, ಬಿಗಿ ಬೇಡ. ಮತ್ತೆ ನೆಟ್ಟಗೆ. ಈಗ ಬುಡ ಮಾತ್ರ ಮಡಚಿ, ಬೆರಳು ನೇರ ಇಟ್ಟು, ಕೈ ಮೇಜಿನ ಹಾಗೆ ಕಾಣಬೇಕು. ಮತ್ತೆ ನೆಟ್ಟಗೆ. ಒಂದೊಂದರಲ್ಲೂ ಎರಡು ಸೆಕೆಂಡ್ ನಿಲ್ಲಿ, ಒಟ್ಟು 5 ಸಲ. ಆ ಇಕ್ಕಟ್ಟಿನ ಓಣಿಯಲ್ಲಿ ಹುರಿಗಳು ಹಿಂದೆ ಮುಂದೆ ಜಾರುತ್ತವೆ. ಕ್ಲಚ್ಚಿನಿಂದ ಮರಗಟ್ಟಿದ ಬೆರಳಿಗೆ ಇದರಷ್ಟು ಹಿತ ಇನ್ನೊಂದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ಅಲ್ಲೇ ಮಾಡಬಹುದು. ಪಕ್ಕದ ಆಟೊದವರು ನೋಡುತ್ತಾರೆ, ನೋಡಲಿ ಬಿಡಿ.

ಕೈಯನ್ನು ಹಿಂದಕ್ಕೆ ಮಡಚಿ ಎಳೆದು ಹಿಡಿಯುವ ಸ್ಟ್ರೆಚ್ ಈಗಲೇ ಬೇಡ. ಎಲ್ಲರೂ ಮೊದಲು ಮಾಡುವುದು ಅದನ್ನೇ, ನಾನೂ ಮಾಡುತ್ತಿದ್ದೆ. ತಣ್ಣಗಿರುವ ಸ್ನಾಯುವನ್ನು ಒಂದೇ ಭಂಗಿಯಲ್ಲಿ ತುಂಬಾ ಹೊತ್ತು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲವೇ ಕಡಿಮೆಯಾಗುತ್ತದೆ. ಅದನ್ನು ಕಾರ್ಯಕ್ರಮ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ.

ಈಗ ಕೋಲು

ಪ್ರಾಕ್ಟೀಸ್ ಪ್ಯಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು ಪ್ಲೈವುಡ್ ತುಂಡಿಗೆ ಅಂಟಿಸಿ, ನನ್ನ ಮೊದಲ ಪ್ಯಾಡ್ ಅದೇ. ದಿಂಬಿನ ಮೇಲೆ ಬಾರಿಸಿ ಕೈ ಗಟ್ಟಿ ಮಾಡಿಕೊಳ್ಳಿ ಅಂತ ಹಳಬರು ಹೇಳುತ್ತಾರೆ. ಅದು ಸಾಧನೆಗೆ ಇರಬಹುದು, ವಾರ್ಮ್ ಅಪ್‌ಗೆ ಬೇಡ. ದಿಂಬಿನ ಮೇಲೆ ಬಿದ್ದ ಕೋಲು ಅಲ್ಲೇ ಮಲಗುತ್ತದೆ, ಪ್ರತಿ ಸಲವೂ ನೀವೇ ಎತ್ತಬೇಕು. ನಮಗೆ ಈಗ ಬೇಕಾಗಿರುವುದು ಪುಟಿಯುವ ಕೋಲು. ವಾರ್ಮ್ ಅಪ್‌ಗೆ ಅಂತ ದಪ್ಪನೆ ಮಾರ್ಚಿಂಗ್ ಸ್ಟಿಕ್ ಬಳಸುವುದೂ ನನಗೆ ಇಷ್ಟ ಇಲ್ಲ. ಯಾವುದರಲ್ಲಿ ನುಡಿಸುತ್ತೀರೋ ಅದೇ ಸಾಕು, 5ಎ ಆದರೆ 5ಎ, 7ಎ ಆದರೆ 7ಎ (ಇವು ಕೋಲಿನ ಸೈಜುಗಳು).

ಮೊದಲು ಕೋಲನ್ನು ಮಧ್ಯದಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ತಾಗಿಸಿ, ಬೀಗಕ್ಕೆ ಕೀಲಿ ತಿರುಗಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ. ಕಾರಿನ ವೈಪರ್ ಥರ ಕಾಣುತ್ತದೆ. ಒಂದೊಂದು ಕೈಗೆ 10. ಕೋಲಿನ ಭಾರವೇ ಕೈಯನ್ನು ತಿರುಗಿಸಿಕೊಂಡು ಹೋಗಲಿ. ಟ್ರೆಡಿಷನಲ್ ಗ್ರಿಪ್ ಹಿಡಿಯುವವರು, ಅಂದರೆ ಎಡಗೈಯ ಅಂಗೈ ಮೇಲೆ ಮಾಡಿ ಕೋಲು ಹಿಡಿಯುವವರು, ಎಡಗೈಗೆ ಇದನ್ನು 20 ಮಾಡಿ, ಆ ಕೈಯ ಬಹುಪಾಲು ಕೆಲಸ ಈ ತಿರುಗುವಿಕೆಯದ್ದೇ.

ಈಗ ಹಿಡಿತದ ಪರೀಕ್ಷೆ. 5ಎ ಕೋಲು ಸುಮಾರು 16 ಇಂಚು. ಹಿಂದಿನಿಂದ ಮೂರನೇ ಒಂದು ಭಾಗದ ಹತ್ತಿರ, ಅಂದರೆ ಐದು ಇಂಚಿನ ಆಸುಪಾಸು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಿರಿ. ಉಳಿದ ಮೂರು ಬೆರಳು ಸುಮ್ನೆ ತಾಗಿಕೊಂಡಿರಲಿ. ಇನ್ನೊಂದು ಕೈಯಿಂದ ಕೋಲಿನ ತುದಿ ಎತ್ತಿ ಪ್ಯಾಡಿನ ಮೇಲೆ ಬೀಳಲು ಬಿಡಿ. ಏನೂ ಮಾಡಬೇಡಿ, ಕೇಳಿಸಿಕೊಳ್ಳಿ. ಟಕ್, ಟಕ್, ಟಕ್ ಟಕ್ ಟಕಟಕ ಟರ್ರ್ ಅಂತ ತಾನಾಗಿ ಪುಟಿದು ಪುಟಿದು ನಿಂತರೆ ಕೈ ಸಡಿಲ ಇದೆ. ಟಕ್, ಟಕ್, ಅಷ್ಟೇ ಅಂದರೆ ನೀವು ಇನ್ನೂ ಸಿಲ್ಕ್ ಬೋರ್ಡಿನಲ್ಲೇ ಇದ್ದೀರಿ. ವಾಪಸ್ ಹೋಗಿ, ಕೈ ಕೊಡವಿ, ಮತ್ತೆ ಬೀಳಿಸಿ. ನಾನು ಇವತ್ತಿಗೂ ಈ ಪರೀಕ್ಷೆ ಪಾಸಾಗುವವರೆಗೂ ಮುಂದಿನದಕ್ಕೆ ಹೋಗುವುದಿಲ್ಲ. ಒಂದೊಂದು ದಿನ ಎಡಗೈ ಮೂರು ಸಲ ಫೇಲ್ ಆಗುತ್ತದೆ.

ಮೊಬೈಲಿನಲ್ಲಿ ಮೆಟ್ರೊನೋಮ್, ಅಂದರೆ ಲಯಕ್ಕೆ ಕ್ಲಿಕ್ ಕೊಡುವ ಆ್ಯಪ್ ಹಾಕಿ, ನಿಮಿಷಕ್ಕೆ 60 ಕ್ಲಿಕ್ಕಿಗೆ ಇಡಿ. ಇದನ್ನು ಕೊನೆಯವರೆಗೂ ಏರಿಸಬೇಡಿ. ಸಂಗೀತ ಪಾಠದಲ್ಲಿ ಸರಳೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಾರಲ್ಲ, ತಾಳ ಅದೇ ಇರುತ್ತದೆ, ಸ್ವರ ಒಂದು, ಎರಡು, ನಾಲ್ಕು ಆಗುತ್ತದೆ, ಹಾಗೇ ಇಲ್ಲೂ. ಮೊದಲ ಕಾಲ: ಒಂದು ಕ್ಲಿಕ್ಕಿಗೆ ಒಂದು ಏಟು, ಬಲಗೈಯಲ್ಲಿ 8, ಎಡಗೈಯಲ್ಲಿ 8. ಕೋಲಿನ ತುದಿ ಮೇಲಿನಿಂದ ಶುರುವಾಗಿ, ಪ್ಯಾಡಿಗೆ ತಾಗಿ, ತಾನೇ ಮೇಲೆ ಬಂದು ಹೊರಟ ಜಾಗದಲ್ಲೇ ನಿಲ್ಲಬೇಕು. ಚೆಂಡು ನೆಲಕ್ಕೆ ಹೊಡೆದು ವಾಪಸ್ ಬರುವುದನ್ನು ಕಾಯುವ ಹಾಗೆ. ನೀವು ಎಸೆಯುವುದು ಮಾತ್ರ, ತರುವುದು ಪ್ಯಾಡಿನ ಕೆಲಸ. ಇಷ್ಟು ನಿಧಾನಕ್ಕೆ ಬೋರ್ ಆಗುತ್ತದೆ, ಗೊತ್ತು. ಆದರೆ ಹಿಡಿತದಲ್ಲಿ ತಪ್ಪಿದ್ದರೆ ಕಾಣುವುದು ಇಲ್ಲೇ. ಎರಡು ನಿಮಿಷ ಹೀಗೇ ಹೋಗಲಿ. ಆಮೇಲೆ ಎರಡನೇ ಕಾಲ, ಕ್ಲಿಕ್ಕಿಗೆ ಎರಡು. ಆಮೇಲೆ ಮೂರನೆಯದು, ಕ್ಲಿಕ್ಕಿಗೆ ನಾಲ್ಕು. ಏಟು ಜಾಸ್ತಿಯಾದಂತೆ ಕೋಲಿನ ಎತ್ತರ ಕಡಿಮೆ ಮಾಡಿ, ಬಲ ಜಾಸ್ತಿ ಮಾಡಬೇಡಿ.

ಇನ್ನು ರೂಡಿಮೆಂಟ್, ಅಂದರೆ ಡ್ರಮ್ಮಿನ ಮೂಲ ಪಾಠಗಳು. ಪರ್ಕಸಿವ್ ಆರ್ಟ್ಸ್ ಸೊಸೈಟಿಯ ಪಟ್ಟಿಯಲ್ಲಿ 40 ಇವೆ. ವಾರ್ಮ್ ಅಪ್‌ಗೆ ಮೂರು ಸಾಕು: ಸಿಂಗಲ್, ಡಬಲ್, ಪ್ಯಾರಡಿಡಲ್. ಸಿಂಗಲ್ ಅಂದರೆ ಬಲ ಎಡ ಬಲ ಎಡ. ಡಬಲ್ ಅಂದರೆ ಬಲ ಬಲ ಎಡ ಎಡ, ಇದರಲ್ಲಿ ಎರಡನೇ ಏಟು ಸೊರಗುತ್ತದೆ, ಅದನ್ನು ಹಿಂಬದಿಯ ಮೂರು ಬೆರಳು ಮೆಲ್ಲಗೆ ಒಳಗೆ ಎಳೆದು ಕೊಡಬೇಕು. ಪ್ಯಾರಡಿಡಲ್ ಅಂದರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಮೂರಕ್ಕೂ ಒಂದೊಂದು ನಿಮಿಷ.

ಇವನ್ನು ಬಾಯಲ್ಲಿ ಹೇಳಿಕೊಂಡು ನುಡಿಸಿ. ಸಿಂಗಲ್ ನುಡಿಸುತ್ತಾ "ತಕಿಟ ತಕಿಟ" ಅಂತ ಹೇಳಿ, ಪ್ರತಿ "ತ"ಗೆ ಮಾತ್ರ ಸ್ವಲ್ಪ ಎತ್ತರದಿಂದ ಹೊಡೆಯಿರಿ. ಮೂರು ಬೆಸ ಸಂಖ್ಯೆ, ಹಾಗಾಗಿ ಒತ್ತು ಒಂದು ಸಲ ಬಲಗೈಗೆ, ಮುಂದಿನ ಸಲ ಎಡಗೈಗೆ ಬೀಳುತ್ತದೆ. "ತಕಧಿಮಿ" ಹೇಳಿದರೆ ಯಾವಾಗಲೂ ಬಲಗೈಗೇ ಬೀಳುತ್ತದೆ, ಎಡಗೈ ಸೋಮಾರಿಯಾಗುತ್ತದೆ. ಐದಕ್ಕೆ "ತಕ ತಕಿಟ", ಏಳಕ್ಕೆ "ತಕಿಟ ತಕಧಿಮಿ", ಅವೂ ಕೈ ಬದಲಿಸುತ್ತವೆ. ನನಗೆ ಇದರಲ್ಲಿ ಇನ್ನೊಂದು ಲಾಭ ಕಂಡಿದೆ. ಬಾಯಿ ಮಾತಾಡುತ್ತಿದ್ದರೆ ಉಸಿರು ಹಿಡಿಯಲು ಆಗುವುದಿಲ್ಲ, ಉಸಿರು ಹಿಡಿಯದಿದ್ದರೆ ಭುಜ ಬಿಗಿಯುವುದಿಲ್ಲ. ಡ್ರಮ್ಸಿಗೂ ಕೊನ್ನಕ್ಕೋಲಿಗೂ (ಹೀಗೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಏನು ಸಂಬಂಧ ಅಂತ ಕೇಳುವವರಿಗೆ ಹೇಳುತ್ತೇನೆ, ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದ್ದು ಇದೇ ಊರಿನಲ್ಲಿ. ಆ ಕಾಲೇಜಿನ ತಂಡ ಚಾರ್ಲಿ ಮರಿಯಾನೊ ಅವರಂಥ ಜಾಝ್ ಸ್ಯಾಕ್ಸೊಫೋನ್ ವಾದಕರ ಜೊತೆ ನುಡಿಸಿದೆ. ಸಂಬಂಧ ಹಳೆಯದೇ.

ಕೊನೆಯ ಎರಡು ನಿಮಿಷಕ್ಕೆ, ಮೊದಲ ಹಾಡಿನ ಬೀಟನ್ನೇ ಪ್ಯಾಡಿನ ಮೇಲೆ ಅರ್ಧ ಸ್ಪೀಡಿನಲ್ಲಿ ನುಡಿಸಿ, ಕಾಲಿನಲ್ಲಿ ನೆಲ ಒತ್ತುತ್ತಾ. ಪಾದದ ಕೀಲಿಗೂ ಅಲ್ಲೇ ವಾರ್ಮ್ ಅಪ್ ಆಯಿತು. ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಾನಿಕ್ ರಿದಂ ಪ್ಯಾಡ್ ನುಡಿಸುವವರಿಗೆ ಒಂದು ಮಾತು: ಅದರ ರಬ್ಬರ್, ಸ್ನೇರ್ ಡ್ರಮ್ಮಿನ ಚರ್ಮದ ಹಾಗೆ ಬಾಗುವುದಿಲ್ಲ, ಏಟಿನ ಆಘಾತ ನೇರ ಮಣಿಕಟ್ಟಿಗೆ ಬರುತ್ತದೆ. ಸದ್ದು ಬೇಕಾದರೆ ವಾಲ್ಯೂಮ್ ಏರಿಸಿ, ಕೈ ಏರಿಸಬೇಡಿ.

ಮನೆಯಲ್ಲಿ ಮಾಡುವವರಿಗೂ ಇದೇ ಕ್ರಮ. ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಪ್ಯಾಡಿನ ಕೆಳಗೆ ಹಳೆ ಟವೆಲ್ ಮಡಚಿ ಇಡಿ. ಪ್ಯಾಡಿನ ಸದ್ದು ನಮಗೆ ಸಣ್ಣದು ಅನ್ನಿಸುತ್ತದೆ, ಕೆಳಗಿನ ಮನೆಯ ಆಂಟಿಗೆ ಅದು ರಾತ್ರಿಯಲ್ಲಿ ಯಾರೋ ಮೆಣಸು ಕುಟ್ಟಿದ ಹಾಗೆ ಕೇಳುತ್ತದೆ.

ಯಾವಾಗ ನಿಲ್ಲಿಸಬೇಕು

ಮುಂಗೈ ಬಿಸಿಯಾಗಿ ಸ್ವಲ್ಪ ಭಾರ ಅನ್ನಿಸಿದರೆ ಸರಿ. ಅದು ದಣಿವು, ಒಂದು ನಿಮಿಷ ಬಿಟ್ಟರೆ ಹೋಗುತ್ತದೆ. ಚುಚ್ಚುವ, ಉರಿಯುವ ನೋವು ಬಂದರೆ ಅಲ್ಲೇ ನಿಲ್ಲಿಸಿ. ನುಡಿಸುತ್ತಾ ಹೋದರೆ ತಾನೇ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಜೋಮು ಎಲ್ಲಿ ಹಿಡಿಯುತ್ತಿದೆ ಅಂತ ಗಮನಿಸಿ, ಅದು ಡಾಕ್ಟರಿಗೆ ಹೇಳಲು ಬೇಕಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟರಲ್ಲಿ ಜೋಮು ಇದ್ದು, ರಾತ್ರಿ ನಿದ್ದೆಯಲ್ಲಿ ಜಾಸ್ತಿಯಾಗಿ ಕೈ ಕೊಡವಿಕೊಂಡು ಎದ್ದೇಳುವ ಹಾಗಿದ್ದರೆ, ಆ ಓಣಿಯೊಳಗಿನ ನರ ಒತ್ತಿಕೊಂಡಿರಬಹುದು. ಕಿರುಬೆರಳು ಮತ್ತು ಉಂಗುರದ ಬೆರಳಿನ ಇನ್ನರ್ಧ ಆದರೆ ಅದು ಬೇರೆ ನರ, ಮೊಣಕೈ ಹತ್ತಿರ ಒತ್ತಿರುವುದೂ ಉಂಟು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಅಂಚಿನಲ್ಲಿ ನೋವಿದ್ದರೆ ಹೆಬ್ಬೆರಳಿನ ಹುರಿ ಊದಿರಬಹುದು, ಕೋಲನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯುವವರಿಗೂ, ದಿನವಿಡೀ ಮೊಬೈಲ್ ತೀಡುವವರಿಗೂ ಬರುತ್ತದೆ. ಇಂಥದ್ದು ವಾರವಾದರೂ ಹೋಗದಿದ್ದರೆ ಮೂಳೆ ಡಾಕ್ಟರನ್ನೋ ಫಿಸಿಯೊಥೆರಪಿಸ್ಟನ್ನೋ ನೋಡಿ. ಹೋಗುವಾಗ ಕೋಲು ತೆಗೆದುಕೊಂಡು ಹೋಗಿ, ಹೇಗೆ ಹಿಡಿಯುತ್ತೀರಿ ಅಂತ ತೋರಿಸಿ. ಬಾಯಲ್ಲಿ ವಿವರಿಸಲು ಹೋದರೆ ಅವರಿಗೆ ಅರ್ಥವಾಗುವುದು ಕಷ್ಟ.

ಕಾರ್ಯಕ್ರಮ ಮುಗಿದ ಮೇಲೆ

ಈಗ ಆ ಸ್ಟ್ರೆಚ್ ಮಾಡಬಹುದು, ಕೈ ಬಿಸಿಯಾಗಿದೆ. ಒಂದು ಕೈಯನ್ನು ಮುಂದೆ ಚಾಚಿ, ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸುವ ಹಾಗೆ ಅಂಗೈ ತೋರಿಸಿ, ಇನ್ನೊಂದು ಕೈಯಿಂದ ಆ ಬೆರಳುಗಳನ್ನು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. 20 ಸೆಕೆಂಡ್. ಆಮೇಲೆ ಅದೇ ಕೈಯನ್ನು ಮಣಿಕಟ್ಟಿನಿಂದ ಕೆಳಕ್ಕೆ ಬಗ್ಗಿಸಿ, ಕೈಯ ಹಿಂಭಾಗ ಒತ್ತಿ ಹಿಡಿಯಿರಿ, ಇನ್ನೊಂದು 20. ಎರಡೂ ಕೈಗೆ ಎರಡೆರಡು ಸಲ. ಎಳೆತ ಗೊತ್ತಾಗಬೇಕು, ನೋವಾಗಬಾರದು.

ಇದನ್ನು ಸಿಂಬಲ್ ಸ್ಟ್ಯಾಂಡ್ ಬಿಚ್ಚುವ ಮುಂಚೆಯೇ ಮಾಡಿ. ಆ ವಿಂಗ್ ನಟ್‌ಗಳನ್ನು ಯಾರೋ ನಿಮ್ಮ ಮೇಲಿನ ಸಿಟ್ಟಿಗೆ ಬಿಗಿದ ಹಾಗೆ ಬಿಗಿದಿರುತ್ತಾರೆ, ದಣಿದ ಕೈಯಲ್ಲಿ ತಿರುಗಿಸಲು ಹೋದರೆ ಎರಡು ಗಂಟೆ ನುಡಿಸಿ ಆಗದ ನೋವು ಎರಡು ನಿಮಿಷದಲ್ಲಿ ಆಗುತ್ತದೆ. ಆಮೇಲೆ ಬೈಕ್ ಹತ್ತಿ. ರಾತ್ರಿ ಹನ್ನೊಂದರ ಮೇಲೆ ಹೊರಟರೆ ರಸ್ತೆ ಸ್ವಲ್ಪ ಖಾಲಿ ಇರುತ್ತದೆ, ಕ್ಲಚ್ಚಿನ ಕೆಲಸ ಕಡಿಮೆ.